ಹೊಸ ಮಕ್ಕಳು ಕೆಲಸಕ್ಕೆ ಸೇರಿದಾಗ: ಮಾಲೀಕರಿಗೊಂದು ಸಲಹೆ

ಮಂಗಳೂರು, ಉಡುಪಿ ಕಡೆ ಅಂಗಡಿ, ಸಣ್ಣ ಆಫೀಸು ನಡೆಸುವವರೆ, ಡಿಗ್ರಿ ಮುಗಿಸಿದ ಮಕ್ಕಳು ನಿಲ್ಲುವುದಿಲ್ಲ, ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ ಅನ್ನುವ ಮೊದಲು ಇಷ್ಟು ಮಾಡಿ ನೋಡಿ.

ಸೇರಿದ ದಿನವೇ ನೇಮಕಾತಿ ಪತ್ರ ಕೊಡಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ 30 ದಿನದೊಳಗೆ ಕೊಡಬೇಕೆಂದು ಉಂಟು.

ಸಂಬಳದ ಲೆಕ್ಕ ಎದುರು ಕೂರಿಸಿಕೊಂಡು ವಿವರಿಸಿ. ಪಿಎಫ್‌ಗೆ (ಭವಿಷ್ಯ ನಿಧಿಗೆ) ಲೆಕ್ಕ ಹಿಡಿಯುವ ವೇತನ 15,000 ಇದ್ದರೆ ಅವರ ಪಾಲು ಶೇ. 12, ಅಂದರೆ 1,800 ರೂಪಾಯಿ ಕಡಿತ. ನೀವೂ ಅಷ್ಟೇ ಹಾಕುತ್ತೀರಿ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಹೇಳದಿದ್ದರೆ, ಮಾತಾಡಿದ್ದಕ್ಕಿಂತ ಕಡಿಮೆ ಬಂತೆಂದು ಮೊದಲ ತಿಂಗಳೇ ಮನಸ್ಸು ಮುರಿಯುತ್ತದೆ. ಸಂಬಳದ ಚೀಟಿ ಪ್ರತಿ ತಿಂಗಳೂ ಕೊಡಿ. ಬ್ಯಾಂಕ್ ಸಾಲಕ್ಕೆ ಅವರಿಗದು ಬೇಕೇ ಬೇಕು.

ಕುಟುಂಬದ ದೈವಕ್ಕೆ ನಡೆಯುವ ನೇಮ (ಭೂತಕೋಲ), ಊರ ಜಾತ್ರೆಗೆ ಯಾರ್ಯಾರಿಗೆ ರಜೆ ಬೇಕೆಂದು ಮೊದಲೇ ಬರೆಸಿಕೊಳ್ಳಿ. ಕ್ರೈಸ್ತರ ಮೊಂತಿ ಹಬ್ಬವಂತೂ (ಮೇರಿ ಮಾತೆಯ ಜನ್ಮದಿನ) ಸೆಪ್ಟೆಂಬರ್ 8ಕ್ಕೇ ಬರುವುದು. ಕಡೇ ಗಳಿಗೆಯಲ್ಲಿ ಇಲ್ಲ ಅಂದರೆ ನಮ್ಮೂರಿನ ಮಕ್ಕಳು ಕೆಲಸವನ್ನೇ ಬಿಟ್ಟಾರು, ಅದು ತಪ್ಪೂ ಅಲ್ಲ.

ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಕೆಲಸ ಹೇಳಬೇಡಿ. ತಪ್ಪಾದರೆ ಗಿರಾಕಿಗಳ ಎದುರು ಗದರದೆ ಒಳಗೆ ಕರೆದು ತಿದ್ದಿ.