ಮಸುಕಾದ ಪಿಕ್ಸೆಲ್ ಚಿತ್ರ, ತಡವರಿಸುವ ಸಂಗೀತ: ಎರಡನ್ನೂ ಸರಿಮಾಡಿದ ಬಗೆ

ಮಗಳಿಗಾಗಿ ಗೋಡೋ 4ರಲ್ಲಿ (ಕಂಪ್ಯೂಟರ್ ಆಟ ಕಟ್ಟುವ ತಂತ್ರಾಂಶ) ಒಂದು ಪುಟ್ಟ ಆಟ ಮಾಡುತ್ತಿದ್ದೇನೆ. 16×16 ಅಳತೆಯ ಚಿತ್ರಗಳನ್ನು ನಾನೇ ಬಿಡಿಸಿದೆ. ಆಟದೊಳಗೆ ಹಾಕಿದರೆ ಅಂಚುಗಳೆಲ್ಲ ಮಸುಕು. ಇದಕ್ಕೆ ದಾರಿ ಸುಲಭ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಂಡರಿಂಗ್, ಅದರೊಳಗೆ ಟೆಕ್ಸ್ಚರ್ಸ್. ಅಲ್ಲಿ ಡೀಫಾಲ್ಟ್ ಟೆಕ್ಸ್ಚರ್ ಫಿಲ್ಟರ್ ಅನ್ನು ಲೀನಿಯರ್‌ನಿಂದ ನಿಯರೆಸ್ಟ್‌ಗೆ ಬದಲಿಸಿ. ಆಟದ ಅಳತೆ 320×180 ಇಟ್ಟುಕೊಳ್ಳಿ. ಅದನ್ನು 6 ಪಟ್ಟು ಹಿಗ್ಗಿಸಿದರೆ ಸರಿಯಾಗಿ 1920×1080 ಆಗುತ್ತದೆ, ಚೌಕಗಳು ಸೊಟ್ಟಗಾಗುವುದಿಲ್ಲ.

ಸಂಗೀತವೇ ಜಾಸ್ತಿ ಕಾಡಿದ್ದು. ಎಲ್‌ಎಂಎಂಎಸ್‌ನಲ್ಲಿ (ಸಂಗೀತ ಕಟ್ಟುವ ತಂತ್ರಾಂಶ) ಕಟ್ಟಿದ ಚಿಕ್ಕ ರಾಗ ಮುಗಿದು ಮತ್ತೆ ಶುರುವಾಗುವಾಗ ನಡುವೆ ಒಂದು ಖಾಲಿ ಕ್ಷಣ. ತಾಳ ತಪ್ಪಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಲೂಪ್ (ಮುಗಿದೊಡನೆ ಮತ್ತೆ ನುಡಿಸುವ ಆಯ್ಕೆ) ಆನ್ ಇತ್ತು, ಕೋಡ್ ಸರಿ ಇತ್ತು. ನನ್ನ ಎಂಪಿ3 ಫೈಲನ್ನು ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದು ಅಲೆಗಳನ್ನು ದೊಡ್ಡದು ಮಾಡಿ ನೋಡಿದೆ. ಮೊದಲಲ್ಲೂ ಕೊನೆಯಲ್ಲೂ ಒಂದಿಷ್ಟು ನಿಶ್ಶಬ್ದ! ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ (ಸದ್ದಿನ ಒಂದೊಂದು ಕ್ಷಣದ ಅಳತೆಗಳ) ತುಂಡುಗಳಾಗಿ ಜೋಡಿಸುತ್ತದೆ. ಕೊನೆಯ ತುಂಡು ತುಂಬದಿದ್ದರೆ ಉಳಿದ ಜಾಗಕ್ಕೆ ನಿಶ್ಶಬ್ದ ಸೇರುತ್ತದೆ.

ಎಂಪಿ3ಯನ್ನೇ ಸುಮ್ನೆ ಓಜಿಜಿಗೆ (ಇನ್ನೊಂದು ಬಗೆಯ ಸದ್ದಿನ ಫೈಲ್) ಬದಲಿಸಿದರೆ ಸಾಲದು, ಆ ನಿಶ್ಶಬ್ದವೂ ಜೊತೆಗೇ ಬರುತ್ತದೆ. ಮೂಲ ಪ್ರಾಜೆಕ್ಟ್‌ನಿಂದಲೇ ಹೊಸದಾಗಿ ಓಜಿಜಿ ತೆಗೆಯಬೇಕು. ಎಲ್‌ಎಂಎಂಎಸ್‌ನಲ್ಲಿ ಹಾಗೆ ತೆಗೆಯುವಾಗ ‘ಎಕ್ಸ್‌ಪೋರ್ಟ್ ಆ್ಯಸ್ ಲೂಪ್’ ಗುರುತು ಹಾಕಿ. ನಂತರ ಗೋಡೋದ ಇಂಪೋರ್ಟ್ ಟ್ಯಾಬ್‌ನಲ್ಲಿ ಲೂಪ್ ಆರಿಸಿ, ರೀಇಂಪೋರ್ಟ್ ಒತ್ತಿ. ಒತ್ತದಿದ್ದರೆ ಬದಲಾವಣೆ ಆಟಕ್ಕೆ ತಲುಪುವುದಿಲ್ಲ. ಈಗ ರಾಗ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ.