ಲೈನ್ ಮನೆಗೆ, ಹಾಡಿಗೆ ಹೆರಿಗೆ ಸಂಗಾತಿಯರು: ತರಬೇತಿ ನಡೆಸುವ ಬಗೆ

ಕೊಡಗಿನ ತೋಟದ ಕೂಲಿಯವರು ಇರುವ ಸಾಲುಮನೆಗಳಲ್ಲಿ (ಲೈನ್ ಮನೆ), ಬುಡಕಟ್ಟು ಜನರ ಹಾಡಿಗಳಲ್ಲಿ ಹೆರಿಗೆಗೆ ಜೊತೆಯಾಗುವ ಹೆಂಗಸರಿಗೆ ತರಬೇತಿ ಕೊಡುವವರಿಗಾಗಿ ಈ ಬರಹ. ಹೆರಿಗೆ ಸಂಗಾತಿ ಸೂಲಗಿತ್ತಿಯಲ್ಲ. ಅವಳು ಮಗು ಹಿಡಿಯುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ನೋವು ಶುರುವಾದಾಗಿನಿಂದ ಮಗು ಎದೆಹಾಲು ಕುಡಿಯುವವರೆಗೆ ಬಸುರಿಯ ಪಕ್ಕ ಬಿಟ್ಟು ಏಳದಿರುವುದೇ ಅವಳ ಕೆಲಸ. ಸರ್ಕಾರಿ ಹೆರಿಗೆ ಕೋಣೆಯಲ್ಲಿ ಹೀಗೆ ಒಬ್ಬ ಹೆಂಗಸು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ತರಬೇತಿಯ ಮೊದಲ ದಿನವೇ ಇದನ್ನು ಎಲ್ಲರ ಬಾಯಲ್ಲೂ ಹೇಳಿಸಿ. ಬಾಗಿಲಲ್ಲಿ ತಡೆದರೆ ಗಟ್ಟಿಯಾಗಿ ಕೇಳುವ ಧೈರ್ಯ ಬರುವುದು ಇದರಿಂದಲೇ.

ಇನ್ನೊಂದು ಮಾತೂ ಮೊದಲೇ ತಿಳಿದಿರಲಿ. 1994ರಲ್ಲಿ ಚಿಕಾಗೋದಲ್ಲಿ ಸೇರಿದ ಕಪ್ಪು ಮಹಿಳೆಯರು ‘ಸಂತಾನ ನ್ಯಾಯ’ ಎಂಬ ವಿಚಾರವನ್ನು ಮುಂದಿಟ್ಟರು. ಮಗು ಬೇಕೆಂದಾಗ ಹೆರುವ ಹಕ್ಕು, ಬೇಡವೆಂದಾಗ ಹೆರದಿರುವ ಹಕ್ಕು, ಹೆತ್ತ ಮಕ್ಕಳನ್ನು ನೆಮ್ಮದಿಯಿಂದ ಸಾಕುವ ಹಕ್ಕು, ಈ ಮೂರೂ ಒಟ್ಟಿಗೇ ಇರಬೇಕು ಎಂಬುದು ಅದರ ತಿರುಳು. ಕೊಡಗಿನ ತೋಟದಲ್ಲಿ ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಹೇಳಿದರೆ ಯಾರ ಕಿವಿಗೂ ಬೀಳದು. ಸೋರುವ ಸೂರು, ಕೂಲಿ ತಪ್ಪುವ ಭಯ, ಸಂಜೆಯಾದರೆ ದಾರಿಯಲ್ಲಿ ಆನೆ, ಇವೆಲ್ಲ ಹೆರಿಗೆಯ ವಿಷಯಗಳೇ.

ಆಯ್ಕೆಯಲ್ಲೇ ಹೆಚ್ಚಿನ ತಪ್ಪು ಆಗುತ್ತದೆ. ಚುರುಕಾಗಿದ್ದಾಳೆ, ಕನ್ನಡ ಓದುತ್ತಾಳೆ ಎಂದು ಮೇಸ್ತ್ರಿಯ ಮನೆಯವಳನ್ನೋ ತೋಟದ ಲೆಕ್ಕ ಬರೆಯುವ ರೈಟರ ತಂಗಿಯನ್ನೋ ತೆಗೆದುಕೊಂಡರೆ ಕೂಲಿ ಹೆಂಗಸು ಅವಳ ಮುಂದೆ ಬಾಯಿ ಬಿಡುವುದಿಲ್ಲ. ಆ ಲೈನಿನಲ್ಲಿ ಅಥವಾ ಹಾಡಿಯಲ್ಲಿ ವಾಸಿಸುವವಳು, ತಾನೂ ಹೆತ್ತವಳು, ಅಕ್ಕಪಕ್ಕದವರು ತಾವಾಗಿ ಕರೆಯುವವಳು ಬೇಕು. ಓದು ಬರಹ ಬರಲೇಬೇಕೆಂದಿಲ್ಲ. ಒಂದು ಗುಂಪಿಗೆ 12 ಜನ ಸಾಕು. ಒಂದು ಹಾಡಿಗೆ ಇಬ್ಬರಿರಲಿ, ರಾತ್ರಿ ಒಬ್ಬಳಿಗೆ ಜ್ವರ ಬಂದರೂ ಇನ್ನೊಬ್ಬಳು ಹೋಗುತ್ತಾಳೆ. ಯರವರ ಹಾಡಿಗೆ ಯರವ ಮಾತು, ಜೇನುಕುರುಬರ ಹಾಡಿಗೆ ಅವರ ಮಾತು ಬರುವವಳೇ ಆಗಬೇಕು. ನೋವಿನಲ್ಲಿರುವವಳು ಪರಭಾಷೆಯಲ್ಲಿ ಯೋಚಿಸಲಾರಳು.

ಕಾಫಿ ಕೊಯ್ಲು, ಮೆಣಸು ಮುಗಿದು, ಹೂಮಳೆ ಬಿದ್ದ ಮೇಲೆ, ಏಪ್ರಿಲ್-ಮೇ ಒಳ್ಳೆಯ ಕಾಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕರೆದರೆ ಯಾರೂ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ವಾರಕ್ಕೆ ಎರಡು ದಿನದಂತೆ ಐದು ವಾರ, ಒಟ್ಟು 10 ದಿನ ಇಟ್ಟುಕೊಳ್ಳಿ. ಪ್ರತಿ ದಿನಕ್ಕೂ ತೋಟದ ದಿನಗೂಲಿಯಷ್ಟು ಹಣ, ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಡಲೇಬೇಕು. ಹಣವಿಲ್ಲದಿದ್ದರೆ 12 ಜನರ ಬದಲು 6 ಜನರಿಗೆ ಮಾಡಿ, ಬಿಟ್ಟಿ ಮಾಡಿಸಬೇಡಿ. ಕೂಲಿ ಬಿಟ್ಟು ಬರಲಾಗದ ಬಡವಿ ಮೂರನೇ ದಿನಕ್ಕೆ ನಿಲ್ಲುತ್ತಾಳೆ, ಉಳ್ಳವಳು ಮಾತ್ರ ಉಳಿಯುತ್ತಾಳೆ.

ಕಲಿಸುವುದರಲ್ಲಿ ರಕ್ತದ ಅಳತೆಗೆ ಹೆಚ್ಚು ಹೊತ್ತು ಕೊಡಿ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯ ಎಂದು ಬಾಯಲ್ಲಿ ಹೇಳಿದರೆ ತಲೆಯಲ್ಲಿ ನಿಲ್ಲದು. ಒಂದು ಲೀಟರ್ ನೀರಿಗೆ ಕುಂಕುಮ ಕದಡಿ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಚಾಪೆಯ ಮೇಲೆ ಹಾಸಿ, ಅಳತೆ ಲೋಟದಲ್ಲಿ ಮೊದಲು 100 ಮಿಲಿ, ಆಮೇಲೆ 250, ಆಮೇಲೆ 500 ಆಗುವಷ್ಟು ಸುರಿಯುತ್ತಾ ಹೋಗಿ. ಪ್ರತಿ ಸಲವೂ ‘ಇದು ಎಷ್ಟು?’ ಎಂದು ಕೇಳಿ. ಬಹುತೇಕರು ಕಡಿಮೆಯೇ ಹೇಳುತ್ತಾರೆ, ಏಕೆಂದರೆ ಬಟ್ಟೆ ಹೀರಿಕೊಂಡ ರಕ್ತ ಕಣ್ಣಿಗೆ ಕಾಣುವುದಿಲ್ಲ. ನಂತರ ಅದೇ ಸೀರೆಯನ್ನು ಹಿಂಡಿ ಬಟ್ಟಲಲ್ಲಿ ತೋರಿಸಿ. ಕೊನೆಗೊಮ್ಮೆ ಕಿಟಕಿ ಮುಚ್ಚಿ, ಟಾರ್ಚಿನ ಬೆಳಕಲ್ಲಿ ಮಾಡಿಸಿ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಲೈನ್ ಮನೆಯಲ್ಲಿ ಅವರು ನೋಡಬೇಕಾಗುವುದು ಹಾಗೆಯೇ. ಇದರ ಜೊತೆಗೆ ಉಳಿದ ಅಪಾಯದ ಸೂಚನೆಗಳನ್ನೂ ಕಲಿಸಿ: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಮಗುವಿನ ಅಲುಗಾಟ ಕಡಿಮೆಯಾಗುವುದು, ಗರ್ಭದ ನೀರು ಹಸಿರಾಗಿರುವುದು ಅಥವಾ ನಾರುವುದು, ಜ್ವರ. ಇವುಗಳಲ್ಲಿ ಯಾವುದು ಕಂಡರೂ ನೋವಿಗಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು.

ನೋವಿನ ಅಂತರವನ್ನು ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಲೆಕ್ಕ ಹಾಕಿಸಿ. ನೋವು ಮುಗಿದಲ್ಲಿಂದ ಎಣಿಸುವ ತಪ್ಪು ಎಲ್ಲ ಗುಂಪಿನಲ್ಲೂ ಆಗುತ್ತದೆ. ಚೊಚ್ಚಲು ಹೆರಿಗೆಗೆ 5 ನಿಮಿಷಕ್ಕೊಮ್ಮೆ ನೋವು ಬಂದಾಗ ಹೊರಡಿ ಎನ್ನುವುದು ಆಸ್ಪತ್ರೆ ಪಕ್ಕದಲ್ಲಿರುವವರಿಗೆ ಸರಿ. ಕುಟ್ಟ, ಬಾಳೆಲೆ, ತಿತಿಮತಿ ಕಡೆಯ ಒಳತೋಟದಲ್ಲಿ 10 ನಿಮಿಷದ ಅಂತರದಲ್ಲೇ ಹೊರಡಬೇಕು. ಎರಡನೆಯ ಹೆರಿಗೆಯಾದರೆ ನೋವು ಒಂದು ಕ್ರಮಕ್ಕೆ ಬಂದ ಕೂಡಲೇ. ನೆಟ್‌ವರ್ಕ್ ಸಿಗುವ ಜಾಗ ಯಾವುದು, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ತೋಟದ ಗೇಟಿನ ಕೀಲಿ ಯಾರ ಹತ್ತಿರ ಇದೆ, ಈ ಮೂರನ್ನು ಏಳನೇ ತಿಂಗಳಲ್ಲೇ ಹೋಗಿ ನೋಡಿ ಬರಲಿ.

ಕೈಕೆಲಸ ಸ್ವಲ್ಪವೇ ಸಾಕು. ನೋವು ಬಂದಾಗ ಅಂಗೈಯ ಬುಡದಿಂದ ಸೊಂಟದ ಕೆಳಗಿನ ಚಪ್ಪಟೆ ಎಲುಬನ್ನು ಒತ್ತಿ ಹಿಡಿಯುವುದು, ನಡೆದಾಡಿಸುವುದು, ಪಕ್ಕಕ್ಕೆ ಮಲಗಿಸುವುದು, ಗುಟುಕು ಗುಟುಕಾಗಿ ನೀರು ಕುಡಿಸುವುದು. ಹೊಟ್ಟೆಯ ಮೇಲಿಂದ ಒತ್ತುವುದನ್ನು ಯಾರೇ ಹೇಳಿದರೂ ಮಾಡಬಾರದು.

ಒಪ್ಪಿಗೆಯ ಪಾಠಕ್ಕೆ ಎರಡು ಪೂರ್ತಿ ದಿನ ಇಡಿ. ಒಬ್ಬಳು ಸಿಸ್ಟರ್, ಒಬ್ಬಳು ಬಸುರಿ, ಒಬ್ಬಳು ಸಂಗಾತಿ ಆಗಿ ಆಡಲಿ. ಸಂಗಾತಿ ಕೇಳಬೇಕಾದ್ದು ಇಷ್ಟೇ: “ಸಿಸ್ಟರ್, ಏನು ಮಾಡ್ತಾ ಇದ್ದೀರಿ? ಯಾಕೆ? ಸ್ವಲ್ಪ ಕಾದರೆ ಏನಾಗುತ್ತೆ?” ಉತ್ತರ ಬಂದ ಮೇಲೆ ಬಸುರಿಯ ಕಡೆ ತಿರುಗಿ, “ಅಕ್ಕ, ನಿಮಗೆ ಏನು ಬೇಕು?” ಎನ್ನಬೇಕು. ತಾನೇ ಉತ್ತರ ಕೊಟ್ಟುಬಿಡುವುದು ಹೊಸಬರ ದೊಡ್ಡ ತಪ್ಪು, ಒಳ್ಳೆಯ ಮನಸ್ಸಿನವರೇ ಅದನ್ನು ಹೆಚ್ಚು ಮಾಡುತ್ತಾರೆ. ಮಕ್ಕಳಾಗದ ಆಪರೇಷನ್ನಿಗೂ ಹೆರಿಗೆಯಾದ ಕೂಡಲೇ ಹಾಕುವ ವಂಕಿಗೂ (ಕಾಪರ್-ಟಿ) ಒಪ್ಪಿಗೆ ಕೇಳುವ ಹೊತ್ತು ನೋವಿನ ಹೊತ್ತಲ್ಲ. ಬಸುರಿ ಇರುವಾಗಲೇ ಮಾತಾಡಿ, ಅವಳ ತೀರ್ಮಾನ ತಾಯಿ ಕಾರ್ಡಿನ ಜೊತೆ ಇರಲಿ. ಆಪರೇಷನ್ನಿಗೆ ಗಂಡನ ಸಹಿ ಬೇಕಿಲ್ಲ. ಗರ್ಭಪಾತಕ್ಕೂ 18 ತುಂಬಿದ ಹೆಣ್ಣಿನ ಒಪ್ಪಿಗೆ ಒಂದೇ ಸಾಕು. ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24 ವಾರಕ್ಕೆ ಕಾನೂನು ಹೆಸರಿಸಿದ ಸಂದರ್ಭಗಳಲ್ಲಿ ಇಬ್ಬರದು ಬೇಕು. ಮದುವೆಯಾಗದವರಿಗೂ ಈ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಹಕ್ಕಿನ ಹಣವೂ ಪಾಠದಲ್ಲಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಹಿಂದಿನ 12 ತಿಂಗಳಲ್ಲಿ 80 ದಿನ ತೋಟದಲ್ಲಿ ದುಡಿದವಳಿಗೆ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ 26 ವಾರ ಸಂಬಳ ಸಹಿತ ರಜೆ ಸಿಗಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ, ಅಥವಾ ಗಂಡನ ಹೆಸರಲ್ಲಿ ಅವಳ ಕೂಲಿ ಬರೆದಿದ್ದರೆ ಇದು ಕೈತಪ್ಪುತ್ತದೆ. ಮೂರನೇ ತಿಂಗಳಲ್ಲೇ ವಿಚಾರಿಸಿ.

ಕಬ್ಬಿಣದ ಮಾತ್ರೆಯ ವಿಷಯ ಸಣ್ಣದೆನಿಸಿದರೂ ನಮ್ಮ ಕಡೆ ಕೆಡುವುದು ಇಲ್ಲೇ. ಬಸುರಿಗೆ 180 ದಿನ, ಹೆತ್ತ ಮೇಲೆ 180 ದಿನ ನುಂಗಬೇಕಾದ ಮಾತ್ರೆಯನ್ನು ಬೆಲ್ಲದ ಕಾಫಿಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ, ಚಹಾ ಒಂದು ಗಂಟೆ ಹಿಂದೆ ಮುಂದೆ ಆಗಲಿ, ಕ್ಯಾಲ್ಸಿಯಂ ಎರಡು ಗಂಟೆ ದೂರ ಇರಲಿ. ಮಾತ್ರೆಯ ಜೊತೆ ಕಿತ್ತಳೆಯೋ ನಿಂಬೆಯೋ ನೆಲ್ಲಿಯೋ ತಿನ್ನಲಿ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ.

ಗುಟ್ಟಿನ ಬಗ್ಗೆ ಕಟ್ಟುನಿಟ್ಟಾಗಿರಿ. ಲೈನ್ ಮನೆಯ ಗೋಡೆ ಮಾತನ್ನು ತಡೆಯುವುದಿಲ್ಲ, ನಲ್ಲಿಯ ಹತ್ತಿರ ಎಲ್ಲ ಕಿವಿಗಳೂ ಇರುತ್ತವೆ. ಸೌದೆಗೋ ಅಂಗನವಾಡಿಗೋ ಹೋಗುವ ದಾರಿಯಲ್ಲಿ ಮಾತಾಡಲಿ. ಸಂಗಾತಿ ಬರೆದಿಡುವ ಪುಸ್ತಕದಲ್ಲಿ ಬಸುರಿಯ ಹೆಸರು ಬೇಡ, ಒಬ್ಬೊಬ್ಬರಿಗೆ ಒಂದು ಚಿತ್ರ ಸಾಕು: ಎಲೆ, ಮೀನು, ಚೆಂಬು. ಚಿತ್ರ ಯಾರದೆಂದು ಆ ಇಬ್ಬರು ಸಂಗಾತಿಯರಿಗೆ ಮಾತ್ರ ಗೊತ್ತಿರಲಿ. ಬಸುರಿಯಾದವಳು 18 ತುಂಬದ ಹುಡುಗಿಯಾಗಿದ್ದರೆ ಸಂಗಾತಿ ಒಬ್ಬಳೇ ಹೊರಬಾರದು, ಅದೇ ದಿನ ತರಬೇತುದಾರರಿಗೂ ವೈದ್ಯರಿಗೂ ತಿಳಿಸಬೇಕು.

ಹತ್ತು ದಿನದ ಮೇಲೆ ಪ್ರತಿಯೊಬ್ಬಳೂ ಮೊದಲ ಮೂರು ಹೆರಿಗೆಗೆ ಅನುಭವಿ ಸಂಗಾತಿಯ ಜೊತೆ ಹೋಗಲಿ. ಪ್ರತಿ ಹೆರಿಗೆಯಾದ ವಾರದೊಳಗೆ ಕೂತು ಮಾತಾಡಿಸಿ. ಮಗು ಉಳಿಯದ ಹೆರಿಗೆಯಾದರೆ ಮರುದಿನವೇ ಆ ಸಂಗಾತಿಯ ಹತ್ತಿರ ಹೋಗಿ, ಮುಂದಿನ ಕರೆಗೆ ಒಂದು ತಿಂಗಳು ಅವಳ ಬದಲು ಜೊತೆಯವಳನ್ನು ಕಳಿಸಿ, ಆ ತಿಂಗಳ ಹಣ ಇಬ್ಬರಿಗೂ ಕೊಡಿ.