ಬ್ರೌಸರ್ ಆಯ್ಕೆ: ಒಂದರ ಮೇಲೇ ಎಲ್ಲ ಭಾರ ಹಾಕೋದು ಬಿಟ್ಟೆ

ಬ್ರೌಸರ್ ಆರಿಸುವಾಗ ನಾನು ಮೊದಲು ನೋಡೋದು ಪ್ರೈವಸಿ ಅಲ್ಲ, ಅಪ್‌ಡೇಟ್. ಎಲ್ಲ ಬ್ರೌಸರ್‌ಗಳಲ್ಲೂ ಭದ್ರತೆಯ ದೋಷಗಳು ಸಿಗುತ್ತಲೇ ಇರುತ್ತವೆ. ಅವನ್ನು ಸರಿಪಡಿಸುವ ಅಪ್‌ಡೇಟ್ ತಡವಾಗಿ ಬಂದರೆ ಉಳಿದ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ. ಪ್ರೈವಸಿ ಹೆಸರಲ್ಲಿ ಬರುವ ಚಿಕ್ಕ ಬ್ರೌಸರ್‌ಗಳನ್ನು ನಾನು ಬಿಟ್ಟಿದ್ದು ಇದಕ್ಕೇ. ಕೆಲವನ್ನು ಒಬ್ಬಿಬ್ಬರೇ ನಡೆಸುತ್ತಾರೆ. ಅವರ ಶ್ರಮದ ಬಗ್ಗೆ ಗೌರವವಿದೆ, ಆದರೆ ನನ್ನ ಪಾಸ್‌ವರ್ಡ್‌ಗಳನ್ನು ಅಲ್ಲಿ ಇಡಲಾರೆ.

ದಿನದ ಓಡಾಟಕ್ಕೆ ಫೈರ್‌ಫಾಕ್ಸ್ ಇಟ್ಟುಕೊಂಡೆ. 2022ರಿಂದ ಅದು ಪ್ರತಿ ಸೈಟಿನ ಕುಕಿಗಳನ್ನು (ನಮ್ಮನ್ನು ನೆನಪಿಡಲು ಸೈಟುಗಳು ಬ್ರೌಸರ್‌ನಲ್ಲಿ ಇಡುವ ಚಿಕ್ಕ ಮಾಹಿತಿ ತುಣುಕುಗಳು) ಬೇರೆಬೇರೆಯಾಗಿ ಇಡುತ್ತದೆ, ನಾವು ಏನೂ ಮಾಡಬೇಕಿಲ್ಲ. ಜಾಹೀರಾತು, ಟ್ರ್ಯಾಕರ್‌ಗಳನ್ನು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಯುಬ್ಲಾಕ್ ಒರಿಜಿನ್ ಪೂರ್ತಿಯಾಗಿ ಕೆಲಸ ಮಾಡುತ್ತದೆ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಾದ ಮೇಲೆ ಅದರ ಲೈಟ್ ರೂಪ ಮಾತ್ರ ಉಳಿದಿದೆ. ಆದರೆ ಭದ್ರತೆಯಲ್ಲಿ ಕ್ರೋಮ್ ಹಿಂದೆ ಬಿದ್ದಿಲ್ಲ. ಒಂದು ಸೈಟು ಇನ್ನೊಂದರ ಮಾಹಿತಿ ಕದಿಯದಂತೆ ಒಂದೊಂದು ಸೈಟನ್ನೂ ಪ್ರತ್ಯೇಕ ಪ್ರೋಸೆಸ್‌ನಲ್ಲಿ ಓಡಿಸುವ ವ್ಯವಸ್ಥೆ ಅಲ್ಲಿ 2018ರಲ್ಲೇ ಬಂತು, ಫೈರ್‌ಫಾಕ್ಸ್‌ಗೆ ಬಂದಿದ್ದು 2021ರಲ್ಲಿ.

ಇನ್ನು ಬಿಗಿ ಎಷ್ಟಿರಬೇಕು ಅನ್ನೋದು. ಇದಕ್ಕೇ ನನಗೆ ಜಾಸ್ತಿ ಸಮಯ ಹಿಡಿದಿದ್ದು. ಫೈರ್‌ಫಾಕ್ಸ್‌ನಲ್ಲಿ ಫಿಂಗರ್‌ಪ್ರಿಂಟಿಂಗ್ (ಕಿಟಕಿಯ ಅಳತೆ, ಸಮಯವಲಯದಂಥ ವಿವರ ಸೇರಿಸಿ ನಮ್ಮನ್ನು ಗುರುತಿಸುವುದು) ತಡೆಯುವ ಒಂದು ಕಟ್ಟುನಿಟ್ಟಿನ ಸೆಟ್ಟಿಂಗ್ ಇದೆ, ನಮ್ಮ ಗುರುತು ಮರೆಮಾಡಲೆಂದೇ ಇರುವ ಟಾರ್ ಬ್ರೌಸರ್‌ನಿಂದ ಬಂದದ್ದು. ಆನ್ ಮಾಡಿ ನೋಡಿದೆ. ಬ್ರೌಸರ್ ಎಲ್ಲ ಸೈಟ್‌ಗಳಿಗೂ ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನೇ ಹೇಳತೊಡಗಿತು, ಕ್ಯಾಲೆಂಡರ್‌ನಲ್ಲಿ ಮೀಟಿಂಗ್‌ಗಳ ಹೊತ್ತು ಅದಲುಬದಲಾಯಿತು. ಪ್ರೊಫೈಲ್ ಫೋಟೊ ಕ್ರಾಪ್ ಮಾಡಿ ಹಾಕಿದರೆ ಮುಖದ ಬದಲು ಬಣ್ಣಬಣ್ಣದ ಗೀರುಗಳು! ಸೈಟು ಕ್ಯಾನ್ವಾಸ್ (ಪುಟದೊಳಗೆ ಚಿತ್ರ ಬಿಡಿಸುವ ಜಾಗ) ಓದಲು ಹೋದಾಗ ಬ್ರೌಸರ್ ಬೇಕಂತಲೇ ಸುಳ್ಳು ಚಿತ್ರ ಕೊಡುತ್ತದೆ, ಅದರ ಫಲ ಇದು. ಸೆಟ್ಟಿಂಗ್ ತನ್ನ ಕೆಲಸವನ್ನು ಸರಿಯಾಗೇ ಮಾಡುತ್ತಿತ್ತು, ದಿನನಿತ್ಯದ ಬಳಕೆಗೆ ಮಾತ್ರ ಹೊಂದಲಿಲ್ಲ. ಅದನ್ನು ಆಫ್ ಮಾಡಿ ಟ್ರ್ಯಾಕಿಂಗ್ ತಡೆಯ 'ಸ್ಟ್ರಿಕ್ಟ್' ಆಯ್ಕೆಗೆ ಬಂದು ನಿಂತೆ. ಯಾವುದಾದರೂ ಪುಟ ಕೆಟ್ಟರೆ ವಿಳಾಸದ ಪಕ್ಕದ ಗುರಾಣಿ ಚಿಹ್ನೆ ಒತ್ತಿ, ಆ ಸೈಟಿಗೆ ಮಾತ್ರ ಸಡಿಲ ಮಾಡುತ್ತೇನೆ.

ಬ್ಯಾಂಕ್ ಮತ್ತು ಹಣ ಕಟ್ಟುವ ಕೆಲಸಕ್ಕೆ ಕ್ರೋಮ್, ಒಂದೂ ಎಕ್ಸ್‌ಟೆನ್ಶನ್ ಇಲ್ಲದೆ. ಒಟಿಪಿ ಪುಟ ಎಷ್ಟೋ ಸಲ ಬೇರೆ ವಿಳಾಸದಿಂದ ತೆರೆಯುತ್ತದೆ, ಬ್ಲಾಕರ್ ಇದ್ದರೆ ಅರ್ಧಕ್ಕೇ ನಿಲ್ಲಬಹುದು. ಹಣದ ವಿಷಯದಲ್ಲಿ ಆ ತಲೆನೋವು ಯಾಕೆ, ಅಲ್ವಾ? ಹೇಗೂ ಬ್ಯಾಂಕಿಗೆ ನಾನು ಯಾರು ಅಂತ ಗೊತ್ತೇ ಇರುತ್ತದೆ.

ಆರೋಗ್ಯದಂಥ ವಿಷಯ ಹುಡುಕುವಾಗ ಟಾರ್. ನಿಧಾನ, ನಿಜ. ಇನ್‌ಕಾಗ್ನಿಟೊ (ಹಿಸ್ಟರಿ ಉಳಿಸದ ಕಿಟಕಿ) ಸಾಕು ಅಂತ ಕೆಲವರು ಹೇಳುತ್ತಾರೆ, ಆದರೆ ಅದು ಟಾರ್‌ನಂತೆ ನಮ್ಮ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕದ ಗುರುತು) ಯಾರಿಂದಲೂ ಮರೆಮಾಡುವುದಿಲ್ಲ. ಟಾರ್‌ನಲ್ಲಿ ಯಾವ ಖಾತೆಗೂ ಲಾಗಿನ್ ಆಗುವುದಿಲ್ಲ, ಹೊಸ ಎಕ್ಸ್‌ಟೆನ್ಶನ್ ಹಾಕುವುದಿಲ್ಲ, ಕಿಟಕಿಯ ಅಳತೆಯನ್ನೂ ಸುಮ್ನೆ ಇದ್ದ ಹಾಗೇ ಬಿಡುತ್ತೇನೆ.